ಲೋಟ್ ನದಿ ಕಣಿವೆಯ ಸುತ್ತುಹಾದಿ (ಬೂಜಿಯೆಸ್ – ಸ್ಯಾಂ-ಸಿರ್-ಲಪೊಪಿ): ಪದೇ ಪದೇ ಕೇಳುವ ಪ್ರಶ್ನೆಗಳು

ಫ್ರಾನ್ಸ್‌ಗೆ ಹೋಗುವ ನಮ್ಮವರು ಪ್ಯಾರಿಸ್ ನೋಡುತ್ತಾರೆ, ಐಫೆಲ್ ಟವರ್ ಮುಂದೆ ಫೋಟೊ ಹಿಡಿಸಿಕೊಳ್ಳುತ್ತಾರೆ, ಅಲ್ಲಿಂದ ಸ್ವಿಟ್ಜರ್ಲೆಂಡ್ ಕಡೆ ಹೊರಟುಬಿಡುತ್ತಾರೆ. ಹಳ್ಳಿ ಕಡೆ ಒಂದು ದಿನ ನಡೆಯೋಣ ಅನ್ನುವವರು ಕಡಿಮೆ. ಅಂಥವರಿಗೆ ಮತ್ತು ತುಲೂಸ್‌ನಲ್ಲಿ ಏರ್‌ಬಸ್ ಕೆಲಸ, ಓದು ಅಂತ ಇದ್ದುಕೊಂಡು ವಾರಾಂತ್ಯಕ್ಕೆ ಎಲ್ಲಿ ಹೋಗೋದು ಅಂತ ಕೇಳುವವರಿಗೆ ನಾನು ಹೇಳುವುದು ಈ ಒಂದೇ ಹಾದಿ. ಕೇಳುವ ಪ್ರಶ್ನೆಗಳೂ ಹೆಚ್ಚುಕಡಿಮೆ ಅವೇ. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ.

ಪ್ರ: ಈ ಹಾದಿ ಇರುವುದು ಎಲ್ಲಿ?

ಫ್ರಾನ್ಸಿನ ನೈಋತ್ಯ ಭಾಗದಲ್ಲಿ, ತುಲೂಸ್‌ನಿಂದ ಉತ್ತರಕ್ಕೆ, ಲೋಟ್ ಜಿಲ್ಲೆಯಲ್ಲಿ. ಜಿಲ್ಲೆಗೂ ನದಿಗೂ ಒಂದೇ ಹೆಸರು. ಜಿಲ್ಲಾ ಕೇಂದ್ರ ಕಾಓರ್. ಅಲ್ಲಿಂದ ನದಿ ಹಿಡಿದು ಪೂರ್ವಕ್ಕೆ 25 ಕಿ.ಮೀ. ಹೋದರೆ ಬೂಜಿಯೆಸ್ ಅನ್ನುವ ಪುಟ್ಟ ಹಳ್ಳಿ. ನಮ್ಮ ನಡಿಗೆ ಶುರುವಾಗುವುದು ಅಲ್ಲಿಂದ. ಹಾದಿ ನದಿಯ ಎಡದಂಡೆಯಲ್ಲಿ, ಬಂಡೆಯ ಬುಡದಲ್ಲೇ ಸಾಗಿ ಸ್ಯಾಂ-ಸಿರ್-ಲಪೊಪಿ ಅನ್ನುವ ಊರಿಗೆ ಹತ್ತುತ್ತದೆ. ಈ ಊರು ನದಿಯಿಂದ ಸುಮಾರು 100 ಮೀಟರ್ ಮೇಲೆ, ಬಂಡೆಯ ಅಂಚಿನಲ್ಲಿದೆ. ಅಲ್ಲಿಂದ ಇನ್ನೂ ಮೇಲಿನ ಬಯಲಿಗೆ ಹೋಗಿ, ಬಯಲು ದಾಟಿ, ಮತ್ತೆ ಬೂಜಿಯೆಸ್‌ಗೆ ಇಳಿದರೆ ಒಂದು ಸುತ್ತು ಮುಗಿಯಿತು.

ಇದೆಲ್ಲ ಕೋಸ್ ದ್ಯು ಕೆರ್ಸಿ ಪ್ರಾದೇಶಿಕ ನೈಸರ್ಗಿಕ ಉದ್ಯಾನದ ಒಳಗಿದೆ. ಉದ್ಯಾನ ಆಗಿದ್ದು 1999ರಲ್ಲಿ, ಯುನೆಸ್ಕೊ ಜಿಯೋಪಾರ್ಕ್ (ಕಲ್ಲು, ನೆಲದ ರಚನೆಗೆ ಹೆಸರಾದ ಪ್ರದೇಶ) ಪಟ್ಟಿಗೆ ಸೇರಿದ್ದು 2017ರಲ್ಲಿ. ಉದ್ಯಾನ ಅಂದ ಮಾತ್ರಕ್ಕೆ ಬೇಲಿ, ಗೇಟು, ಟಿಕೆಟ್ ಅಂತೆಲ್ಲ ಅಂದುಕೊಳ್ಳಬೇಡಿ. ಜನ ಬದುಕುವ ಊರುಗಳು, ಹೊಲಗಳು, ಕುರಿ ಮೇಯುವ ಬಯಲು ಎಲ್ಲ ಅದರೊಳಗೇ ಇವೆ.

ಪ್ರ: ಎಷ್ಟು ದೂರ? ಕಷ್ಟನಾ?

ಸುತ್ತು ಒಟ್ಟು 10 ಕಿ.ಮೀ. ಆಸುಪಾಸು. ಮೇಲೆ ಬಯಲಿನಲ್ಲಿ ಯಾವ ಕವಲು ಹಿಡಿಯುತ್ತೀರಿ ಅನ್ನುವುದರ ಮೇಲೆ ಒಂದೆರಡು ಕಿ.ಮೀ. ಜಾಸ್ತಿ ಆಗಬಹುದು. ಬರೀ ನಡೆಯುವುದಕ್ಕೆ ಮೂರೂವರೆ ಗಂಟೆ ಸಾಕು. ಆದರೆ ಊರು ನೋಡಿ, ಊಟ ಮಾಡಿ, ಅಲ್ಲಲ್ಲಿ ಕೂತು ಎದ್ದು ಬರುವುದಕ್ಕೆ ಇಡೀ ದಿನ ಇಟ್ಟುಕೊಳ್ಳಿ.

ಕಷ್ಟದ ಲೆಕ್ಕದಲ್ಲಿ ಮಧ್ಯಮ. ಕುಮಾರ ಪರ್ವತ ಹತ್ತಿದವರಿಗೆ ಇದು ಲೆಕ್ಕಕ್ಕೇ ಇಲ್ಲ. ಕಬ್ಬನ್ ಪಾರ್ಕ್‌ನಲ್ಲಿ ಬೆಳಗಿನ ವಾಕಿಂಗ್ ಮಾತ್ರ ಮಾಡುವವರಿಗೆ ನದಿಯಿಂದ ಊರಿಗೆ ಹತ್ತುವ ದಾರಿ ಸ್ವಲ್ಪ ಏದುಸಿರು ಬರಿಸುತ್ತದೆ. ಬೂಜಿಯೆಸ್‌ಗೆ ಇಳಿಯುವ ದಾರಿ ಕಲ್ಲುಕಲ್ಲು, ಅಲ್ಲಿ ಮಂಡಿ ಮೇಲೆ ಭಾರ ಬೀಳುತ್ತದೆ. ಉಳಿದಿದ್ದೆಲ್ಲ ಆರಾಮ.

ಪ್ರ: ಹೋದ ದಾರಿಯಲ್ಲೇ ವಾಪಸ್ ಬಂದರೆ ಆಗಲ್ವಾ? ಸುತ್ತೇ ಹಾಕಬೇಕಾ?

ತುಂಬಾ ಜನ ಹಾಗೇ ಮಾಡುತ್ತಾರೆ. ನದಿ ದಂಡೆಯಲ್ಲಿ ಹೋಗಿ, ಊರು ನೋಡಿ, ಐಸ್‌ಕ್ರೀಮ್ ತಿಂದು, ಅದೇ ದಂಡೆಯಲ್ಲಿ ವಾಪಸ್. ತಪ್ಪೇನಿಲ್ಲ, ಮಳೆ ಬಂದರೆ ಅಥವಾ ಮಕ್ಕಳು ಹಟ ಹಿಡಿದರೆ ಅದೇ ಸರಿ. ಆದರೆ ಕಾಲಿಗೆ ಶಕ್ತಿ ಇದ್ದೂ ಮೇಲಿನ ಅರ್ಧ ಬಿಟ್ಟರೆ ನೀವು ನೋಡಿದ್ದು ಅರ್ಧ ಕಣಿವೆ ಮಾತ್ರ.

ಯಾಕೆ ಅಂತ ಹೇಳುತ್ತೇನೆ. ಕೆಳಗೆ ನದಿ, ಹುಲ್ಲು, ಎತ್ತರದ ಮರಗಳು, ಎಲ್ಲಾ ಹಸಿರು. ಮೇಲೆ ಹೋದರೆ ಬೇರೆ ದೇಶವೇ. ಅದಕ್ಕೆ ಇಲ್ಲಿನವರು ಕೋಸ್ ಅನ್ನುತ್ತಾರೆ, ಅಂದರೆ ಸುಣ್ಣಕಲ್ಲಿನ ಒಣ ಬಯಲು. ಬಿದ್ದ ಮಳೆ ಕಲ್ಲಿನ ಸಂದಿಯಲ್ಲಿ ಇಂಗಿ ನೆಲದಡಿ ಸೇರಿಬಿಡುತ್ತದೆ. ಹಳ್ಳ ಇಲ್ಲ, ತೊರೆ ಇಲ್ಲ. ಕುಳ್ಳಗಿನ ಓಕ್ ಮರ, ಜೂನಿಪರ್ ಪೊದೆ, ಕಾಲಡಿ ಚೂರುಚೂರು ಬಿಳಿ ಕಲ್ಲು. ಮರಗಳ ನಡುವೆ ಹೋಗುತ್ತಾ ಗಮನಿಸಿ: ಕಾಡಿನ ಒಳಗೆ ಎದೆಮಟ್ಟದ ಕಲ್ಲಿನ ಗೋಡೆಗಳು ಸಾಲಾಗಿ ಹೋಗುತ್ತಿರುತ್ತವೆ. ಗಾರೆ ಇಲ್ಲ, ಮಣ್ಣಿಲ್ಲ, ಬರೀ ಕಲ್ಲಿನ ಮೇಲೆ ಕಲ್ಲು. ಎಲ್ಲೋ ಒಂದು ಕಡೆ ದುಂಡಗಿನ ಕಲ್ಲಿನ ಗುಡಿಸಲು, ಛಾವಣಿಯೂ ಕಲ್ಲಿನದೇ. ಅದನ್ನು ಕಜೆಲ್ ಅನ್ನುತ್ತಾರೆ. ಕುರಿ ಕಾಯುವವರು, ದ್ರಾಕ್ಷಿ ತೋಟದವರು ಮಳೆ ಬಂದಾಗ ನುಸುಳಿಕೊಳ್ಳುತ್ತಿದ್ದ ಜಾಗ.

ಕಾಡಿನಲ್ಲಿ ಯಾರು ಗೋಡೆ ಕಟ್ಟುತ್ತಾರೆ ಹೇಳಿ? ಕಟ್ಟಿದಾಗ ಅದು ಕಾಡಾಗಿರಲಿಲ್ಲ. ಹೊಲ, ದ್ರಾಕ್ಷಿ ತೋಟ, ಕುರಿ ಹುಲ್ಲುಗಾವಲು ಆಗಿತ್ತು. 19ನೇ ಶತಮಾನದ ಕೊನೆಯ ಹೊತ್ತಿಗೆ ಫಿಲೋಕ್ಸೆರಾ ಅನ್ನುವ ಹೇನಿನಂಥ ಹುಳ ದ್ರಾಕ್ಷಿ ಬೇರುಗಳನ್ನು ತಿಂದುಹಾಕಿತು. ಜನ ಊರು ಬಿಟ್ಟು ಪಟ್ಟಣ ಸೇರಿದರು, ಗೋಡೆಗಳ ನಡುವೆ ಓಕ್ ಎದ್ದಿತು. ಮೇಲೆ ಬೆಳೆದಿದ್ದು ಕೆಳಗೆ ನದಿಗೆ ಇಳಿಯುತ್ತಿತ್ತು, ಅಲ್ಲಿಂದ ದೋಣಿಯಲ್ಲಿ ಬೋರ್ದೋ ಬಂದರಿಗೆ ಹೋಗುತ್ತಿತ್ತು, ಮಧ್ಯೆ ಸ್ಯಾಂ-ಸಿರ್ ಕೂತು ಸುಂಕ ಎಣಿಸುತ್ತಿತ್ತು. ಮೂರನ್ನೂ ಒಂದೇ ದಿನ ಕಾಲಲ್ಲಿ ಅಳೆದರೆ ಮಾತ್ರ ಇದು ತಲೆಗೆ ಹೋಗುತ್ತದೆ.

ಪ್ರ: ಯಾವ ದಿಕ್ಕಿನಿಂದ ಹೋಗೋದು ಒಳ್ಳೆಯದು?

ಋತು ನೋಡಿ. ನದಿ ದಂಡೆಯ ದಾರಿ ಬಂಡೆಯ ಉತ್ತರಕ್ಕೆ ಇರುವುದರಿಂದ ಬಹುಪಾಲು ನೆರಳು. ಮೇಲಿನ ಬಯಲಿನಲ್ಲಿ ಆ ಕುಳ್ಳ ಓಕ್‌ಗಳ ನೆರಳು ನೆರಳೇ ಅಲ್ಲ. ಹಾಗಾಗಿ ಜುಲೈ, ಆಗಸ್ಟ್‌ನಲ್ಲಿ ಬೆಳಿಗ್ಗೆ ತಂಪಿನಲ್ಲಿ ಬಯಲು ಮುಗಿಸಿ, ಊರಲ್ಲಿ ಊಟ ಮಾಡಿ, ಮಧ್ಯಾಹ್ನದ ಬಿಸಿಲಿಗೆ ನದಿ ದಂಡೆ ಹಿಡಿದು ವಾಪಸ್ ಬನ್ನಿ. ಏಪ್ರಿಲ್, ಮೇ, ಅಕ್ಟೋಬರ್‌ನಲ್ಲಿ ಉಲ್ಟಾ: ಬೆಳಿಗ್ಗೆ ದಂಡೆ, ಹತ್ತು ಗಂಟೆಯೊಳಗೆ ಊರು, ಆಮೇಲೆ ಬಯಲಿನ ಹದವಾದ ಬಿಸಿಲು. ಬೆಳಿಗ್ಗೆ ಬೇಗ ಊರು ಸೇರಿದರೆ ಇನ್ನೊಂದು ಲಾಭ, ಟೂರಿಸ್ಟ್ ಬಸ್ಸುಗಳು ಇನ್ನೂ ಬಂದಿರುವುದಿಲ್ಲ.

ಪ್ರ: ಬಂಡೆ ಕೊರೆದು ಮಾಡಿದ ದಾರಿ ಅಂತಾರಲ್ಲ, ಅದೇನು?

ಈ ಹಾದಿಗೆ ಜನ ಬರುವುದೇ ಅದಕ್ಕೆ. ಬೂಜಿಯೆಸ್ ಬಿಟ್ಟು ಸ್ವಲ್ಪ ದೂರ ಹೋದಮೇಲೆ, ಗನಿಲ್ ಅನ್ನುವ ಕಡೆ, ಬಂಡೆ ನೇರ ನೀರಿಗೆ ಇಳಿದಿದೆ. ದಂಡೆ ಅನ್ನುವುದೇ ಇಲ್ಲ. ಹಿಂದೆ ಸರಕಿನ ದೋಣಿಗಳು ನದಿಯಲ್ಲಿ ಕೆಳಕ್ಕೆ ತೇಲಿಕೊಂಡು ಹೋಗುತ್ತಿದ್ದವು: ಕಾಓರ್ ವೈನ್, ಮೇಲಿನ ದೆಕಾಜ್‌ವಿಲ್ ಕಡೆಯ ಕಲ್ಲಿದ್ದಲು, ಮರ. ಹೋಗುವುದು ಸುಲಭ. ವಾಪಸ್ ಪ್ರವಾಹಕ್ಕೆ ಎದುರಾಗಿ ಬರಬೇಕಾದರೆ ದಂಡೆಯಿಂದ ಹಗ್ಗ ಕಟ್ಟಿ ಎಳೆಯಬೇಕು. ಮನುಷ್ಯರು ಎಳೆಯುತ್ತಿದ್ದರು, ಎತ್ತು ಕುದುರೆ ಎಳೆಯುತ್ತಿದ್ದವು. ದಂಡೆಯೇ ಇಲ್ಲದ ಕಡೆ ಎಲ್ಲಿ ನಿಂತು ಎಳೆಯುವುದು? ಅದಕ್ಕೆ 1840ರ ದಶಕದಲ್ಲಿ ಬಂಡೆಯ ಹೊಟ್ಟೆಯನ್ನೇ ಕೊರೆದು ದಾರಿ ಮಾಡಿದರು. ಸುಮಾರು 300 ಮೀಟರ್ ಉದ್ದ. ಪೂರ್ತಿ ಸುರಂಗ ಅಲ್ಲ. ಒಂದು ಕಡೆ ಗೋಡೆ, ತಲೆ ಮೇಲೆ ಕಲ್ಲಿನ ಸೂರು, ಇನ್ನೊಂದು ಕಡೆ ಬಟಾಬಯಲು, ಕೆಳಗೆ ನೀರು.

ಒಳಗೆ ನಡೆಯುವಾಗ ಹೆಜ್ಜೆ ಸದ್ದು ವಾಪಸ್ ಬಡಿಯುತ್ತದೆ. ಬಿಸಿಲಿದ್ದ ದಿನ ನದಿಯ ಬೆಳಕು ತಲೆ ಮೇಲಿನ ಕಲ್ಲಿನಲ್ಲಿ ಅಲೆಅಲೆಯಾಗಿ ಓಡಾಡುತ್ತಿರುತ್ತದೆ, ಎಲ್ಲರೂ ನೆಲ ನೋಡಿಕೊಂಡು ಹೋಗುವುದರಿಂದ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಒಂದು ಕಡೆ ಗೋಡೆಯಲ್ಲೇ ಉದ್ದಕ್ಕೆ ಉಬ್ಬುಶಿಲ್ಪ ಇದೆ, ಮೀನು, ಚಿಪ್ಪು, ನೀರಿನ ಸುಳಿಯಂಥ ಆಕಾರಗಳು. ಹಳೇ ಕಾಲದ್ದು ಅಂದುಕೊಂಡು ಕೈಮುಗಿಯಬೇಡಿ. ದಾನಿಯೆಲ್ ಮೊನಿಯೆ ಅನ್ನುವ ಶಿಲ್ಪಿ ಕಳೆದ ಶತಮಾನದ ಕೊನೆಯ ಭಾಗದಲ್ಲಿ ಕೆತ್ತಿದ್ದು. ಚೆನ್ನಾಗಿದೆ, ಸವೆದ ಸುಣ್ಣಕಲ್ಲಿಗೆ ಹೊಂದಿಕೊಂಡುಬಿಟ್ಟಿದೆ.

ಪಕ್ಕದಲ್ಲೇ ಗನಿಲ್ ಲಾಕ್ ಇದೆ. ದೋಣಿಯನ್ನು ಒಂದು ನೀರಿನ ಮಟ್ಟದಿಂದ ಇನ್ನೊಂದಕ್ಕೆ ಏರಿಸಿ ಇಳಿಸುವ ಗೇಟು. ಇಷ್ಟೆಲ್ಲ ಕಷ್ಟಪಟ್ಟು ದಾರಿ ಕೊರೆದ ಮೇಲೆ 1886ರಲ್ಲಿ ಕಣಿವೆಗೆ ರೈಲು ಬಂತು, ದೋಣಿಗಳ ಕಥೆ ಮುಗಿಯಿತು. ಈಗ ಆ ರೈಲೂ ಇಲ್ಲ. ಆದರೆ 1990ರಿಂದ ಈಚೆ ನದಿಯ ಈ ಭಾಗ ಮತ್ತೆ ದೋಣಿಗೆ ತೆರೆದಿದೆ, ಬಾಡಿಗೆ ದೋಣಿಯಲ್ಲಿ ರಜಾ ಕಳೆಯುವವರು ಲಾಕ್‌ನಲ್ಲಿ ತಾವೇ ಇಳಿದು ಹಿಡಿಕೆ ತಿರುಗಿಸಿ ಗೇಟು ತೆಗೆಯುತ್ತಾರೆ. ಬೇಸಿಗೆಯಲ್ಲಿ ಹೋದರೆ ಐದು ನಿಮಿಷ ನಿಂತು ನೋಡಿ. ಗಂಡ ದೋಣಿಯಲ್ಲಿ ನಿಂತು ಕಿರುಚುವುದು, ಹೆಂಡತಿ ದಡದಲ್ಲಿ ಹಿಡಿಕೆ ತಿರುಗಿಸುತ್ತಾ ತಿರುಗಿ ಬೈಯುವುದು, ಭಾಷೆ ಬರದಿದ್ದರೂ ಎಲ್ಲಾ ಅರ್ಥ ಆಗುತ್ತದೆ.

ಪ್ರ: ಅಲ್ಲಿ ಅಪಾಯ ಇದೆಯಾ?

ನದಿ ಕಡೆಗೆ ಕಂಬಿ ಇಲ್ಲ ಅಂತಲೇ ತಿಳಿದು ಹೋಗಿ. ದಾರಿ ಅಗಲವಾಗಿದೆ, ಭಯಪಡುವಂಥದ್ದಲ್ಲ. ಆದರೆ ಮಳೆ ಬಂದಾಗ ಕಲ್ಲು ಜಾರುತ್ತದೆ, ಚಿಕ್ಕ ಮಕ್ಕಳ ಕೈ ಬಿಡಬೇಡಿ. ಇನ್ನೊಂದು, ಸುಣ್ಣಕಲ್ಲಿನ ಬಂಡೆಯಿಂದ ಆಗಾಗ ಕಲ್ಲು ಉದುರುತ್ತದೆ. ಹಾಗಾದಾಗ ಅಥವಾ ನದಿ ತುಂಬಿದಾಗ ದಾರಿ ಮುಚ್ಚುತ್ತಾರೆ. ಹೊರಡುವ ಹಿಂದಿನ ದಿನ ಸ್ಯಾಂ-ಸಿರ್ ಪ್ರವಾಸಿ ಕಚೇರಿಯ ವೆಬ್‌ಸೈಟ್ ಒಮ್ಮೆ ನೋಡಿಬಿಡಿ. ಅಡ್ಡಗಟ್ಟಿ ಹಾಕಿದ್ದರೆ ದಾಟಿ ಹೋಗೋದು ಬೇಡ. ನಮ್ಮಲ್ಲಿ ಮಾಡಿದ ಹಾಗೆ ‘ಏನಾಗಲ್ಲ ಬಾ’ ಅನ್ನುವುದು ಇಲ್ಲಿ ನಡೆಯಲ್ಲ.

ಪ್ರ: ದಾರಿ ಗುರುತು ಹೇಗೆ? ಗೈಡ್ ಬೇಕಾ?

ಗೈಡ್ ಬೇಡ. ಫ್ರಾನ್ಸಿನಲ್ಲಿ ನಡಿಗೆ ಹಾದಿಗಳಿಗೆ ಬಣ್ಣದ ಗುರುತು ಇದೆ, ಫ್ರೆಂಚ್ ನಡಿಗೆ ಒಕ್ಕೂಟದ ಸ್ವಯಂಸೇವಕರು ಮರ, ಕಲ್ಲು, ಕಂಬಗಳ ಮೇಲೆ ಬಳಿದಿರುತ್ತಾರೆ. ಮೇಲೆ ಬಿಳಿ ಕೆಳಗೆ ಕೆಂಪು ಗೀರು ಇದ್ದರೆ ಅದು ಜಿಆರ್, ಅಂದರೆ ದೂರದ ಹಾದಿ. ನದಿ ದಂಡೆಯ ಭಾಗ ಜಿಆರ್ 36ಕ್ಕೆ ಸೇರುತ್ತದೆ. ಒಂದೇ ಹಳದಿ ಗೀರು ಇದ್ದರೆ ಸ್ಥಳೀಯ ಸುತ್ತುಹಾದಿ. ಗೀರಿನ ಕೆಳಗೆ ಬಾಗಿದ ಬಾಣ ಇದ್ದರೆ ಮುಂದೆ ತಿರುವು ಇದೆ ಅಂತ. ಎರಡು ಗೀರು ಒಂದನ್ನೊಂದು ಕತ್ತರಿಸಿ ಇಂಟು ಮಾರ್ಕ್ ಆಗಿದ್ದರೆ ಆ ಕಡೆ ಹೋಗಬೇಡಿ ಅಂತ ಅರ್ಥ.

ಜನ ದಾರಿ ತಪ್ಪುವುದು ಮೇಲಿನ ಬಯಲಿನಲ್ಲಿ. ಅಲ್ಲಿ ಎಲ್ಲಾ ಕಲ್ಲುಗೋಡೆಯೂ ಒಂದೇ ಥರ, ಎಲ್ಲಾ ಓಕ್ ಮರವೂ ಒಂದೇ ಥರ. ಮಾತಾಡುತ್ತಾ ಹೋಗಿ ಒಂದು ಗುರುತು ಬಿಟ್ಟರೆ ಅರ್ಧ ಕಿ.ಮೀ. ಆದಮೇಲೆ ಗೊತ್ತಾಗುತ್ತದೆ. ಹತ್ತು ನಿಮಿಷ ಗುರುತು ಕಾಣಲಿಲ್ಲ ಅಂದರೆ ಕೊನೆಯ ಗುರುತಿನ ತನಕ ಹಿಂದಕ್ಕೆ ಬನ್ನಿ, ಅಷ್ಟೇ. ಫೋನಿನಲ್ಲಿ ವಿಸೊರಾಂಡೊ ಥರದ ಆ್ಯಪ್ ಹಾಕಿಕೊಂಡು ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ, ಬಂಡೆ ಕೆಳಗೆ ಸಿಗ್ನಲ್ ನಂಬುವ ಹಾಗಿಲ್ಲ. ಕಾಗದದ ಮ್ಯಾಪ್ ಇಷ್ಟಪಡುವವರಿಗೆ ಐಜಿಎನ್ ಅನ್ನುವ ಫ್ರೆಂಚ್ ಸರ್ಕಾರಿ ನಕ್ಷೆ ಸಂಸ್ಥೆಯ 1:25,000 ಮ್ಯಾಪ್ ಕಾಓರ್ ಅಂಗಡಿಗಳಲ್ಲಿ ಸಿಗುತ್ತದೆ. ಒಂದೊಂದು ಕಲ್ಲುಗೋಡೆ, ಬಾವಿ ತನಕ ಅದರಲ್ಲಿ ಇರುತ್ತದೆ.

ಪ್ರ: ಯಾವ ತಿಂಗಳು ಹೋಗಬೇಕು?

ಏಪ್ರಿಲ್ ಕೊನೆಯಿಂದ ಜೂನ್ ಮಧ್ಯದವರೆಗೆ, ಇಲ್ಲ ಸೆಪ್ಟೆಂಬರ್, ಅಕ್ಟೋಬರ್. ಮೇ ತಿಂಗಳಲ್ಲಿ ಬಯಲಿನ ಕಲ್ಲುಗಳ ಮಧ್ಯೆ ಪುಟಾಣಿ ಕಾಡು ಆರ್ಕಿಡ್ ಹೂ ಬಿಟ್ಟಿರುತ್ತವೆ, ಒಂದು ಜಾತಿಯ ಹೂವಂತೂ ಥೇಟ್ ಜೇನ್ನೊಣ ಕೂತ ಹಾಗೇ ಕಾಣುತ್ತದೆ. ಕೀಳಬೇಡಿ. ಬೇಸಿಗೆಯಲ್ಲಿ 35 ಡಿಗ್ರಿ ದಾಟುವ ದಿನಗಳಿರುತ್ತವೆ, ಬಿಸಿಲು ನಮಗೆ ಹೊಸದಲ್ಲ ಅಂತ ಹೊರಡಬೇಡಿ, ಬಿಳಿ ಕಲ್ಲಿನಿಂದ ಕೆಳಗಿನಿಂದಲೂ ಝಳ ಹೊಡೆಯುತ್ತದೆ. ಡಿಸೆಂಬರ್‌ನಲ್ಲಿ ಸಂಜೆ ಐದೂಕಾಲಿಗೆಲ್ಲ ಸೂರ್ಯ ಮುಳುಗುತ್ತಾನೆ, ಊರಲ್ಲಿ ಅರ್ಧಕ್ಕರ್ಧ ಬಾಗಿಲು ಮುಚ್ಚಿರುತ್ತವೆ.

ಪ್ರ: ತಲುಪೋದು ಹೇಗೆ? ಕಾರು ಬೇಕೇ ಬೇಕಾ?

ಕಾರಿದ್ದರೆ ಸುಲಭ, ಇಲ್ಲದಿದ್ದರೂ ಆಗುತ್ತದೆ. ಪ್ಯಾರಿಸ್‌ನ ಔಸ್ಟರ್ಲಿಟ್ಜ್ ನಿಲ್ದಾಣದಿಂದ ಲಿಮೋಜ್, ಬ್ರೀವ್ ಮೇಲೆ ಕಾಓರ್‌ಗೆ ನೇರ ರೈಲು ಇದೆ, ಐದು ಗಂಟೆಗಿಂತ ಜಾಸ್ತಿ ಹಿಡಿಯುತ್ತದೆ. ತುಲೂಸ್‌ನಿಂದ ಒಂದೂಕಾಲು ಗಂಟೆ ಚಿಲ್ಲರೆ. ಕಾಓರ್‌ನಿಂದ ಫಿಜಾಕ್ ಕಡೆ ಹೋಗುವ ಸರ್ಕಾರಿ ಬಸ್ ಕಣಿವೆಯಲ್ಲೇ ಹೋಗುತ್ತದೆ, ತೂರ್-ದ-ಫೋರ್‌ನಲ್ಲಿ ನಿಲ್ಲುತ್ತದೆ. ಅಲ್ಲಿಂದ ಸೇತುವೆ ದಾಟಿ ಎರಡು-ಮೂರು ಕಿ.ಮೀ. ಹತ್ತಿದರೆ ಸ್ಯಾಂ-ಸಿರ್. ಬಸ್ಸಲ್ಲಿ ಬಂದವರು ಸುತ್ತನ್ನು ಸ್ಯಾಂ-ಸಿರ್‌ನಿಂದಲೇ ಶುರು ಮಾಡಬಹುದು, ಸುತ್ತು ತಾನೇ, ಎಲ್ಲಿಂದಾದರೂ ಸರಿ. ಭಾನುವಾರ, ರಜೆ ದಿನ ಬಸ್ ಕಡಿಮೆ. ವಾಪಸ್ ಬರುವ ಕೊನೇ ಬಸ್ಸಿನ ಟೈಮ್ ಫೋಟೊ ತೆಗೆದಿಟ್ಟುಕೊಳ್ಳಿ. ಅದು ತಪ್ಪಿದರೆ ಆಟೋ ಸಿಗುತ್ತೆ ಅನ್ನುವ ಊರಲ್ಲ ಇದು.

ಕಾರಿನವರಿಗೆ: ಬೂಜಿಯೆಸ್ ಸೇರಲು ದಾಟಬೇಕಾದ ತೂಗುಸೇತುವೆ ಕಿರಿದು. ಎದುರಿನಿಂದ ಗಾಡಿ ಬಂದರೆ ಕಾಯಬೇಕು. ಸ್ಯಾಂ-ಸಿರ್‌ನಲ್ಲಿ ಪಾರ್ಕಿಂಗ್‌ಗೆ ದುಡ್ಡು ಕೊಡಬೇಕು, ಬೇಸಿಗೆಯಲ್ಲಿ ಹನ್ನೊಂದು ಗಂಟೆಗೆಲ್ಲ ತುಂಬಿರುತ್ತದೆ.

ಪ್ರ: ವೀಸಾ?

ಭಾರತದ ಪಾಸ್‌ಪೋರ್ಟ್ ಇದ್ದರೆ ಶೆಂಗೆನ್ ವೀಸಾ ಬೇಕು. ಯಾವುದೇ 180 ದಿನಗಳಲ್ಲಿ 90 ದಿನ ಮೀರಬಾರದು. ಪ್ರಯಾಣಕ್ಕೆ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು, ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಬೆಂಗಳೂರಿನಲ್ಲೇ ಅರ್ಜಿ ಕೊಡಬಹುದು. ಇದಕ್ಕಿಂತ ಜಾಸ್ತಿ ನನ್ನನ್ನು ಕೇಳಬೇಡಿ, ನಿಯಮ ಬದಲಾಗುತ್ತಲೇ ಇರುತ್ತದೆ.

ಪ್ರ: ದಾರಿಯಲ್ಲಿ ನೀರು ಸಿಗುತ್ತಾ?

ಬಯಲಿನಲ್ಲಿ ಒಂದು ತೊಟ್ಟೂ ಸಿಗಲ್ಲ. ಒಬ್ಬರಿಗೆ ಒಂದೂವರೆ ಲೀಟರ್, ಬೇಸಿಗೆಯಲ್ಲಿ ಎರಡೂವರೆ ಇಟ್ಟುಕೊಳ್ಳಿ. ಊರಿನ ನಲ್ಲಿ ಮೇಲೆ ‘ಓ ಪೊತಾಬ್ಲ್’ ಅಂತ ಬರೆದಿದ್ದರೆ ಕುಡಿಯಬಹುದು. ಅದರ ಮಧ್ಯೆ ‘ನೊಂ’ ಸೇರಿದ್ದರೆ ಬೇಡ. ಫ್ರಾನ್ಸಿನಲ್ಲಿ ನಡೆಯುವವರಿಗೆಲ್ಲ ಗೊತ್ತಿರುವ ಒಂದು ಉಪಾಯ ಇದೆ: ಹಳ್ಳಿಯ ಸ್ಮಶಾನದ ಗೇಟಿನ ಹತ್ತಿರ ಹೂಗಿಡಗಳಿಗೆ ಅಂತ ನಲ್ಲಿ ಇರುತ್ತದೆ, ಅಲ್ಲೇ ಬಾಟಲಿ ತುಂಬಿಸಿಕೊಳ್ಳುತ್ತಾರೆ. ನಮ್ಮವರು ಮೊದಲ ಸಲ ಕೇಳಿದಾಗ ಮುಖ ಕಿವುಚುತ್ತಾರೆ, ಬಾಯಾರಿದ ಮೇಲೆ ಸುಮ್ನೆ ಹೋಗಿ ತುಂಬಿಸಿಕೊಂಡು ಬರುತ್ತಾರೆ.

ಪ್ರ: ನಾವು ಸಸ್ಯಾಹಾರಿಗಳು. ಊಟದ ಗತಿ?

ಜಾಸ್ತಿ ಬರುವ ಪ್ರಶ್ನೆಯೇ ಇದು. ನಿಜ ಹೇಳಬೇಕೆಂದರೆ ಇದು ಬಾತುಕೋಳಿ ಸೀಮೆ. ಆಲೂಗಡ್ಡೆಯನ್ನೂ ಬಾತುಕೋಳಿ ಕೊಬ್ಬಿನಲ್ಲಿ ಹುರಿಯುತ್ತಾರೆ. ಸಲಾಡ್ ಅಂತ ಧೈರ್ಯವಾಗಿ ಹೇಳಿದರೆ ಮೇಲೆ ಹಂದಿ ಮಾಂಸದ ಚೂರು ಉದುರಿಸಿಕೊಂಡು ಬರುತ್ತದೆ. ಅದಕ್ಕೆ ‘ಸಾಂ ವಿಯಾಂದ್, ಸಾಂ ಪ್ವಾಸೊಂ, ಸಾಂ ಲಾರ್ದೊಂ’ ಅಂತ ಮೂರನ್ನೂ ಹೇಳಿ: ಮಾಂಸ ಬೇಡ, ಮೀನು ಬೇಡ, ಆ ಚೂರೂ ಬೇಡ. ಆಲೂಗಡ್ಡೆ ಯಾವುದರಲ್ಲಿ ಹುರಿದಿದ್ದು ಅಂತ ಬೇರೆಯೇ ಕೇಳಬೇಕು.

ಸಿಗುವುದರಲ್ಲಿ ರುಚಿಯಾದದ್ದು ರೊಕಾಮಾದೂರ್ ಅನ್ನುವ ಮೇಕೆ ಹಾಲಿನ ಚೀಸ್. ಬಿಲ್ಲೆಯಂಥದ್ದು, ಒಂದೊಂದು ಸುಮಾರು 35 ಗ್ರಾಂ ಮಾತ್ರ. ಬ್ರೆಡ್ ಮೇಲಿಟ್ಟು ಬಿಸಿ ಮಾಡಿ, ಜೇನು ಸವರಿ, ಅಕ್ರೋಟು ಹಾಕಿಕೊಡುತ್ತಾರೆ. ಈ ಸೀಮೆಯ ಅಕ್ರೋಟೂ ಅದರ ಎಣ್ಣೆಯೂ ಹೆಸರುವಾಸಿ. ಕಟ್ಟುನಿಟ್ಟಿನವರು ಗಮನಿಸಿ: ಇಂಥ ಚೀಸ್‌ಗಳಿಗೆ ಹೆಪ್ಪು ಹಾಕುವ ರೆನೆಟ್ ಪ್ರಾಣಿಯ ಹೊಟ್ಟೆಯಿಂದ ತೆಗೆದದ್ದು. ಅದು ಆಗಲ್ಲ ಅನ್ನುವವರಿಗೆ ಬೇಕರಿ ಬ್ರೆಡ್, ಟೊಮೆಟೊ, ಹಣ್ಣು, ಮನೆಯಿಂದ ತಂದ ಚಟ್ನಿಪುಡಿ. ತಮಾಷೆ ಅಲ್ಲ, ಬಿಸಿ ಬಗೆತ್ ಬ್ರೆಡ್ಡಿಗೆ ಅಕ್ರೋಟು ಎಣ್ಣೆ ಸವರಿ ಶೇಂಗಾ ಚಟ್ನಿಪುಡಿ ಉದುರಿಸಿ ನೋಡಿ.

ಸಮಯದ ವಿಷಯದಲ್ಲಿ ಎಚ್ಚರ. ಊಟ ಹನ್ನೆರಡರಿಂದ ಎರಡರವರೆಗೆ ಮಾತ್ರ. ಎರಡೂಕಾಲಿಗೆ ಹೋಗಿ ಕೂತರೆ ಕಾಫಿ ಕೊಡುತ್ತಾರೆ, ಊಟ ಕೊಡಲ್ಲ. ಬೇಕರಿ ವಾರಕ್ಕೊಂದು ದಿನ ಮುಚ್ಚಿರುತ್ತದೆ, ಎಷ್ಟೋ ಕಡೆ ಸೋಮವಾರ. ಹಾಗಾಗಿ ಕಾಓರ್‌ನಿಂದಲೇ ಬುತ್ತಿ ಕಟ್ಟಿಕೊಂಡು ಬರುವುದು ವಾಸಿ.

ಪ್ರ: ಸ್ಯಾಂ-ಸಿರ್‌ನಲ್ಲಿ ನೋಡುವಂಥದ್ದೇನು?

ಊರೇ. 2012ರಲ್ಲಿ ಟಿವಿ ಕಾರ್ಯಕ್ರಮವೊಂದರಲ್ಲಿ ಫ್ರೆಂಚರು ಇದನ್ನು ತಮ್ಮ ಅಚ್ಚುಮೆಚ್ಚಿನ ಹಳ್ಳಿ ಅಂತ ಆರಿಸಿದರು, ಅಲ್ಲಿಂದ ಜನಜಾತ್ರೆ. ಕಡಿದಾದ ಬೀದಿಗಳು, ಕಂದು ಹೆಂಚಿನ ಚೂಪು ಮಾಡು, ಮರದ ಚೌಕಟ್ಟಿನ ಮನೆಗಳು, 16ನೇ ಶತಮಾನದ ಚರ್ಚು, ಮೇಲೆ ಪಾಳುಬಿದ್ದ ಕೋಟೆಯ ಬಂಡೆ. ಆ ಬಂಡೆ ಹತ್ತಿದರೆ ನದಿ ಬಾಗಿ ಹೋಗುವುದು ಪೂರ್ತಿ ಕಾಣುತ್ತದೆ. ಹಿಂದೆ ಇಲ್ಲಿ ಮರ ಕಡೆಯುವವರ ಬೀದಿಯೇ ಇತ್ತು, ಬಾಕ್ಸ್‌ವುಡ್ ಅನ್ನುವ ಗಟ್ಟಿ ಮರದಲ್ಲಿ ವೈನ್ ಪೀಪಾಯಿಗಳಿಗೆ ನಲ್ಲಿ ಮಾಡುತ್ತಿದ್ದರು. ಆ ಬಾಕ್ಸ್‌ವುಡ್ ಪೊದೆಗಳು ದಾರಿಯುದ್ದಕ್ಕೂ ಇವೆ, ಆದರೆ ಕೆಲವು ಕಡೆ ಒಣಗಿ ನಿಂತಿರುವುದು ಕಾಣುತ್ತದೆ. ಪೂರ್ವ ಏಷ್ಯಾದಿಂದ ಬಂದ ಒಂದು ಪತಂಗದ ಹುಳ ಎಲೆ ಬೋಳಿಸಿದ್ದು ಅದು.

ಸರ್‌ರಿಯಲಿಸ್ಟ್ ಕವಿ ಆಂದ್ರೆ ಬ್ರೆತೊಂ 1950ರಲ್ಲಿ ಮೊದಲ ಸಲ ಇಲ್ಲಿಗೆ ಬಂದ. ಮರುವರ್ಷವೇ ಮನೆ ಕೊಂಡು ಬೇಸಿಗೆಗಳನ್ನು ಇಲ್ಲೇ ಕಳೆಯತೊಡಗಿದ. ಅವನ ಒಂದು ಕಥೆ ಇದೆ, ಅದನ್ನು ಮುಂದೆ ಪೆಶ್ ಮೆರ್ಲ್ ಗುಹೆಯ ಪ್ರಶ್ನೆಯಲ್ಲಿ ಹೇಳುತ್ತೇನೆ.

ಊರಿಂದ ಹೊರಡುವಾಗ ಬೂಜಿಯೆಸ್ ಕಡೆಯ ರಸ್ತೆಯಲ್ಲಿ ಸ್ವಲ್ಪವೇ ಮುಂದೆ ಬಾಂಕುರೆಲ್ ಅನ್ನುವ ನೋಟದ ಜಾಗ ಇದೆ. ಇಡೀ ಹಾದಿಯಲ್ಲಿ ಫೋಟೊಗೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ, ಬ್ಯಾಟರಿ ಉಳಿಸಿಕೊಂಡಿರಿ.

ಪ್ರ: ಇಂಬಳ ಇದೆಯಾ? ಹಾವು?

ಮಲೆನಾಡಿನವರು ಕೇಳಿಯೇ ಕೇಳುತ್ತಾರೆ. ಇಂಬಳ ಕಾಲಿಗೆ ಹತ್ತುವ ಜಾಗವಲ್ಲ ಇದು. ಇರುವುದು ಉಣ್ಣೆ. ಮಂಗನ ಕಾಯಿಲೆ ಕಂಡ ಶಿವಮೊಗ್ಗ, ಉತ್ತರ ಕನ್ನಡದವರಿಗೆ ಉಣ್ಣೆ ಎಂದರೇನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿನ ಉಣ್ಣೆಯಿಂದ ಬರುವುದು ಲೈಮ್ ಅನ್ನುವ ಬೇರೆ ಕಾಯಿಲೆ. ಉದ್ದ ಪ್ಯಾಂಟ್ ಹಾಕಿ ಕಾಲುಚೀಲದೊಳಗೆ ಸಿಕ್ಕಿಸಿ, ರಾತ್ರಿ ಸ್ನಾನ ಮಾಡುವಾಗ ಮಂಡಿ ಹಿಂದೆ, ಕಂಕುಳು, ಸೊಂಟ ನೋಡಿಕೊಳ್ಳಿ. ಕಚ್ಚಿದ್ದರೆ ಔಷಧಿ ಅಂಗಡಿಯಲ್ಲಿ ‘ತಿರ್ ತಿಕ್’ ಅಂತ ಪುಟ್ಟ ಪ್ಲಾಸ್ಟಿಕ್ ಕೊಕ್ಕೆ ಸಿಗುತ್ತದೆ, ಅದರಲ್ಲಿ ತಿರುಗಿಸಿ ತೆಗೆಯಬೇಕು. ಎಣ್ಣೆ, ಬೆಂಕಿಕಡ್ಡಿ ಏನೂ ಬೇಡ. ಮುಂದಿನ ವಾರಗಳಲ್ಲಿ ಅಲ್ಲಿ ಕೆಂಪು ಉಂಗುರದ ಥರ ಹರಡಿದರೆ ಡಾಕ್ಟರ ಹತ್ತಿರ ಹೋಗಿ.

ಹಾವಿನಲ್ಲಿ ವೈಪರ್ ಇದೆ, ಬಿಸಿ ಕಲ್ಲಿನ ಮೇಲೆ ಮಲಗಿರುತ್ತದೆ, ಸದ್ದಿಗೆ ತಾನೇ ಸರಿದು ಹೋಗುತ್ತದೆ. ಕಲ್ಲುಗೋಡೆ ಸಂದಿಗೆ ಕೈ ಹಾಕಬೇಡಿ, ಸಾಕು.

ಹಾವಿಗಿಂತ ಎಚ್ಚರ ಬೇಕಾದ್ದು ಬೇಟೆಗಾರರ ಬಗ್ಗೆ. ಸೆಪ್ಟೆಂಬರ್‌ನಿಂದ ಫೆಬ್ರವರಿ ಕೊನೆಯ ತನಕ ಕಾಡುಹಂದಿ, ಜಿಂಕೆ ಬೇಟೆ ನಡೆಯುತ್ತದೆ. ‘ಶಾಸ್ ಆಂ ಕೂರ್’ ಅಂತ ಬೋರ್ಡ್ ನಿಲ್ಲಿಸಿದ್ದರೆ ಆಗ ಬೇಟೆ ನಡೆಯುತ್ತಿದೆ ಅಂತ. ಆ ತಿಂಗಳುಗಳಲ್ಲಿ ಕಣ್ಣಿಗೆ ಹೊಡೆಯುವ ಬಣ್ಣ ಹಾಕಿಕೊಂಡು ಹೋಗಿ, ಗುರುತು ಮಾಡಿದ ದಾರಿ ಬಿಡಬೇಡಿ.

ಪ್ರ: ಬಯಲಿನಲ್ಲಿ ಕುರಿಗಳ ನಡುವೆ ಹೋಗಬಹುದಾ?

ಹೋಗಬಹುದು. ಗೇಟು ತೆರೆದಿದ್ದರೆ ತೆರೆದ ಹಾಗೇ, ಮುಚ್ಚಿದ್ದರೆ ದಾಟಿ ಮತ್ತೆ ಮುಚ್ಚಿ. ಇಲ್ಲಿನ ಕುರಿ ತಳಿಯೇ ಬೇರೆ. ಮೈಯೆಲ್ಲ ಬಿಳಿ, ಕಿವಿ ಕಪ್ಪು, ಎರಡೂ ಕಣ್ಣಿನ ಸುತ್ತ ಕಪ್ಪು ವೃತ್ತ. ಕೂಲಿಂಗ್ ಗ್ಲಾಸ್ ಹಾಕಿಕೊಂಡು ನಿಂತ ಹಾಗೆ ನಿಮ್ಮನ್ನೇ ನೋಡುತ್ತಿರುತ್ತವೆ. ಬಿಳಿ ಕಲ್ಲಿನ ಬಿಸಿಲ ಝಳದಿಂದ ಆ ಕಪ್ಪು ಕಣ್ಣು ಕಾಯುತ್ತದೆ ಅಂತ ಊರಿನವರು ಹೇಳುತ್ತಾರೆ.

ಪ್ರ: ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಬಹುದಾ? ಮಕ್ಕಳು?

ದಿನಾ ನಡೆಯುವ ಅಪ್ಪ ಅಮ್ಮ ಆದರೆ ನದಿ ದಂಡೆಯ ಭಾಗ ಆರಾಮಾಗಿ ನಡೆಯುತ್ತಾರೆ, ಬಂಡೆ ದಾರಿ ನೋಡಿ ಬೂಜಿಯೆಸ್‌ಗೆ ವಾಪಸ್ ಬಂದರೆ ಸಾಕು. ಆಮೇಲೆ ಕಾರಿನಲ್ಲಿ ಊರು ನೋಡಿಸಿ. ಊರೊಳಗೂ ಕಲ್ಲು ಹಾಸಿನ ಇಳಿಜಾರು ಇದೆ, ಅಮ್ಮ ಚಪ್ಪಲಿ ಬದಲು ಶೂ ಹಾಕಲಿ. ಎಂಟು ವರ್ಷ ದಾಟಿದ ಮಕ್ಕಳು ಪೂರ್ತಿ ಸುತ್ತು ಹಾಕುತ್ತಾರೆ. ಮಗುವಿನ ತಳ್ಳುಗಾಡಿ ಬೇಡ, ಬೆನ್ನಿಗೆ ಕಟ್ಟಿಕೊಳ್ಳುವ ಚೀಲ ಸರಿ.

ಪ್ರ: ನದಿಗೆ ಇಳಿಯಬಹುದಾ?

ಕಂಡ ಕಂಡಲ್ಲಿ ಬೇಡ. ಮೇಲೆ ಅಣೆಕಟ್ಟುಗಳಿವೆ, ನೀರು ಬಿಟ್ಟಾಗ ಮಟ್ಟ ಏರುತ್ತದೆ, ಲಾಕ್ ಮತ್ತು ಒಡ್ಡಿನ ಹತ್ತಿರ ಸೆಳೆತ ಇದೆ. ಸ್ಯಾಂ-ಸಿರ್ ಕೆಳಗೆ ಸೇತುವೆ ಕಡೆ ಬೇಸಿಗೆಯಲ್ಲಿ ಜನ ಈಜುವ ಜಾಗ ಇದೆ, ಅಲ್ಲಿ ಇಳಿಯಿರಿ.

ಪ್ರ: ಪೆಶ್ ಮೆರ್ಲ್ ಗುಹೆಯನ್ನೂ ಅದೇ ದಿನ ನೋಡಬಹುದಾ?

ಕಾರಿದ್ದರೆ ಆಗುತ್ತದೆ. ಬೂಜಿಯೆಸ್ ಪಕ್ಕದಲ್ಲೇ ಸೇಲೆ ಅನ್ನುವ ಉಪನದಿ ಲೋಟ್ ಸೇರುತ್ತದೆ. ಅದರ ಕಣಿವೆಯಲ್ಲಿ ಸ್ವಲ್ಪ ಮೇಲಕ್ಕೆ ಹೋದರೆ ಕಾಬ್ರೆರೆ ಊರು, ಅಲ್ಲಿ ಗುಹೆ. 1922ರಲ್ಲಿ ಹದಿಹರೆಯದ ಹುಡುಗರು ನುಸುಳಿ ಹೋಗಿ ಕಂಡುಹಿಡಿದದ್ದು. ಒಳಗೆ ಸುಮಾರು 29,000 ವರ್ಷ ಹಳೆಯ ಚುಕ್ಕೆ ಕುದುರೆಗಳ ಚಿತ್ರ, ಪಕ್ಕದಲ್ಲಿ ಕೈಯ ಅಚ್ಚು. ನಕಲಿ ಅಲ್ಲ, ಮೂಲ ಗುಹೆಯೊಳಗೇ ಬಿಡುತ್ತಾರೆ. ಅದಕ್ಕೇ ದಿನಕ್ಕೆ 700 ಜನರ ಮಿತಿ, ಮೊದಲೇ ಬುಕ್ ಮಾಡಬೇಕು, ಫೋಟೊ ತೆಗೆಯುವ ಹಾಗಿಲ್ಲ. ಚಳಿಗಾಲದಲ್ಲಿ ಮುಚ್ಚಿರುತ್ತದೆ. ಒಳಗೆ ತಂಪು, ಸ್ವೆಟರ್ ಇರಲಿ.

ಈಗ ಬ್ರೆತೊಂ ಕಥೆ. 1952ರಲ್ಲಿ ಈ ಗುಹೆಗೆ ಬಂದವನಿಗೆ ಅನುಮಾನ: ಇಷ್ಟು ಹೊಸದಾಗಿ ಕಾಣುವ ಚಿತ್ರ ಹಳೆಯದಾ, ಯಾರಾದರೂ ಈಚೆಗೆ ಬರೆದದ್ದಾ? ಮ್ಯಾಮತ್ ಚಿತ್ರದ ಗೆರೆಯನ್ನು ಬೆರಳಲ್ಲಿ ಉಜ್ಜಿಯೇ ನೋಡಿದ. ಬಣ್ಣ ಕೈಗೆ ಬಂತು. ಗುಹೆ ತೋರಿಸುತ್ತಿದ್ದವರು ಅವನ ಕೈಗೆ ಬಾರಿಸಿದರು, ಜಗಳ ಆಯಿತು, ವಿಷಯ ಕೋರ್ಟಿಗೆ ಹೋಗಿ ದಂಡ ಬಿತ್ತು. ಅಷ್ಟು ದೊಡ್ಡ ಕವಿಯನ್ನೇ ಬಿಡಲಿಲ್ಲ, ನಮ್ಮನ್ನು ಬಿಡುತ್ತಾರಾ. ಕೈ ಜೇಬಲ್ಲಿ ಇರಲಿ.

ಪ್ರ: ಎಲ್ಲಿ ಉಳಿಯೋದು? ಟೆಂಟ್ ಹಾಕಬಹುದಾ?

ಕಣಿವೆಯಲ್ಲಿ ಕ್ಯಾಂಪಿಂಗ್ ಜಾಗಗಳಿವೆ, ಟೆಂಟ್ ಅಲ್ಲೇ ಹಾಕಿ. ಮನೆಯವರೇ ಕೋಣೆ ಕೊಟ್ಟು ಬೆಳಗಿನ ತಿಂಡಿ ಕೊಡುವ ‘ಶಾಂಬ್ರ್ ದೋತ್’ಗಳೂ ಸಿಗುತ್ತವೆ. ಸ್ಯಾಂ-ಸಿರ್ ಒಳಗೆ ದುಬಾರಿ, ಕಾಓರ್‌ನಲ್ಲಿ ಅಗ್ಗ. ಆದರೆ ಒಂದು ರಾತ್ರಿಯಾದರೂ ಹಳ್ಳಿ ಕಡೆ ಇರಿ, ಈ ಬಯಲು ಸೀಮೆಯ ಆಕಾಶ ಫ್ರಾನ್ಸಿನಲ್ಲೇ ಅತಿ ಕತ್ತಲಿನ ಆಕಾಶಗಳಲ್ಲಿ ಒಂದು.

ಪ್ರ: ಫ್ರೆಂಚ್ ಬರಲ್ಲ, ತೊಂದರೆ ಆಗುತ್ತಾ?

ಪ್ರವಾಸಿ ಕಚೇರಿಯಲ್ಲಿ ಇಂಗ್ಲಿಷ್ ನಡೆಯುತ್ತದೆ, ಬೇಕರಿಯಲ್ಲಿ ಕೈಸನ್ನೆ. ಒಂದೇ ನಿಯಮ: ಅಂಗಡಿಗೆ ಕಾಲಿಟ್ಟ ತಕ್ಷಣ ‘ಬೊಂಜೂರ್’. ದಾರಿಯಲ್ಲಿ ಎದುರಾದವರಿಗೂ ‘ಬೊಂಜೂರ್’. ಅದನ್ನು ಹೇಳದೆ ನೇರ ‘ಎಷ್ಟು?’ ಅಂತ ಕೇಳಿದರೆ ಮುಖ ಗಂಟಾಗುತ್ತದೆ, ಹೇಳಿದರೆ ಅರ್ಧ ಕೆಲಸ ಆದ ಹಾಗೆ.

ಪ್ರ: ದಾರಿಯಲ್ಲಿ ಕಾಲು ಉಳುಕಿದರೆ, ಏನಾದರೂ ಆದರೆ?

112ಕ್ಕೆ ಫೋನ್ ಮಾಡಿ, ಇಂಗ್ಲಿಷ್‌ನಲ್ಲೂ ಮಾತಾಡಬಹುದು. ಆ್ಯಂಬುಲೆನ್ಸ್‌ಗೆ ನೇರವಾಗಿ 15, ಅಗ್ನಿಶಾಮಕದವರಿಗೆ 18. ನೀವಿರುವ ಜಾಗದ ಅಕ್ಷಾಂಶ ರೇಖಾಂಶ ಫೋನಿನಲ್ಲಿ ತೆಗೆದು ಓದಿ ಹೇಳುವುದನ್ನು ಹೊರಡುವ ಮುಂಚೆ ಒಮ್ಮೆ ಕಲಿತಿಟ್ಟುಕೊಳ್ಳಿ, ಬಯಲಿನಲ್ಲಿ ‘ಕಲ್ಲುಗೋಡೆ ಪಕ್ಕದ ಓಕ್ ಮರದ ಹತ್ತಿರ ಇದ್ದೇವೆ’ ಅಂದರೆ ಯಾರಿಗೂ ಉಪಯೋಗ ಇಲ್ಲ. ವಿಮೆಯ ಕಾಗದದ ಫೋಟೊ ಫೋನಿನಲ್ಲಿರಲಿ. ಶೂ ಹೊಸದು ಕೊಂಡಿದ್ದರೆ ಇಲ್ಲೇ ನಾಲ್ಕು ದಿನ ಹಾಕಿ ಪಳಗಿಸಿಕೊಂಡು ಹೋಗಿ.